ನಗು ಬಾರದ ಇಂಗ್ಲಿಷ್ ಸಿನಿಮಾ

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಅಲ್ಲಿನ ಹುಡುಗಿಯರ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಕಾಲ. ಪಿಯುಸಿ ಹುಡುಗಿಯರಿಗೆ ಇಂಗ್ಲಿಷ್ ಎಂದರೆ ಭಯ. ಆ ಭಯ ಹೋಗಲಿ ಎಂದು ಶನಿವಾರ ಕ್ಲಾಸು ಮುಗಿದ ಮೇಲೆ ಬ್ರಿಟನ್ನಿನ ಹಳೆಯ ಹಾಸ್ಯಚಿತ್ರಗಳನ್ನು ಟೀವಿಯಲ್ಲಿ ಹಾಕುತ್ತಿದ್ದೆ. ಎಲ್ಲ ಒಂದೇ ಸರಣಿಯವು. ಅದೇ ನಟರು ಒಮ್ಮೆ ಆಸ್ಪತ್ರೆಯಲ್ಲಿ, ಇನ್ನೊಮ್ಮೆ ಪೊಲೀಸ್ ಠಾಣೆಯಲ್ಲಿ ಎಡವಟ್ಟು ಮಾಡಿಕೊಳ್ಳುತ್ತಿದ್ದರು. ಮಾತು ಅರ್ಧ ತಿಳಿಯದಿದ್ದರೂ ಹುಡುಗಿಯರು ಬೆಂಚು ಬಡಿದು ನಗುತ್ತಿದ್ದರು.

ಆ ಶನಿವಾರ ಹಾಕಿದ್ದು ಸರಣಿಯ ಕೊನೆಕೊನೆಯದು. ಗುಂಡ್ಲುಪೇಟೆಯ ಸೀಡಿ ಅಂಗಡಿಯ ಭಾಯಿ ಕೊಡುವಾಗಲೇ, "ಇದು ಅಷ್ಟು ಚೆನ್ನಾಗಿಲ್ಲ ಮೇಡಂ. ಒಂದ್ಸಲ ನೋಡ್ಕೊಂಡು ಹಾಕಿ" ಅಂದಿದ್ದರು. ನಾನು ನೋಡಿರಲಿಲ್ಲ.

ಶುರುವಾದ ಸ್ವಲ್ಪ ಹೊತ್ತಿಗೇ ಏನೋ ಸರಿಯಿಲ್ಲ ಅನ್ನಿಸಿತು. ನಟರಿಗೆ ವಯಸ್ಸಾಗಿತ್ತು. ಹಳೆಯ ತಮಾಷೆಗಳನ್ನೇ ಸುಸ್ತಾದವರಂತೆ ಮಾಡುತ್ತಿದ್ದರು. ಯಾರೂ ನಗಲಿಲ್ಲ. ಆಗಲೇ ಬಾಗಿಲಲ್ಲಿ ಹರದನಹಳ್ಳಿಯ ಹುಡುಗಿಯೊಬ್ಬಳ ಅಪ್ಪ ನಿಂತಿರುವುದು ಕಂಡಿತು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬೈಕಿನ ಕೀ. ಮಗಳಿಗೆ ಎಸ್ಸೆಸ್ಸೆಲ್ಸಿಯೇ ಸಾಕು ಎಂದಿದ್ದ ಅವರನ್ನು, ಅವಳನ್ನು ಕಾಲೇಜಿಗೆ ಕಳಿಸುವಂತೆ ನಾನೇ ಮಾತಾಡಿ ಒಪ್ಪಿಸಿದ್ದೆ.

ಅದೇ ಹೊತ್ತಿಗೆ ಟೀವಿಯಲ್ಲಿ ಹೆಂಗಸೊಬ್ಬಳು ಕೋಟಿನ ಗುಂಡಿ ಬಿಚ್ಚತೊಡಗಿದಳು. ರಿಮೋಟ್ ಒತ್ತಿದೆ. ನಿಲ್ಲಲಿಲ್ಲ. ಮತ್ತೆ ಒತ್ತಿದೆ. ಕೋಟು ಜಾರಿ ಬಿತ್ತು. ಒಳಗೆ ಅವಳು ಏನೂ ತೊಟ್ಟಿರಲಿಲ್ಲ. ಓಡಿಹೋಗಿ ಪ್ಲಗ್ಗನ್ನೇ ಕಿತ್ತೆ.

"ನಡಿ ಕಣಮ್ಮಿ" ಅಂದರು ಅಪ್ಪ. ಅಷ್ಟೇ. ಹುಡುಗಿ ತಲೆ ತಗ್ಗಿಸಿ ಹೊರಟಳು.

ಸೋಮವಾರ ಅವಳು ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಹಾಜರಿ ಕೂಗುವಾಗಲೂ ಅವಳ ನಂಬರಿಗೆ ಉತ್ತರ ಬರಲಿಲ್ಲ. ಮಧ್ಯಾಹ್ನವೇ ಹರದನಹಳ್ಳಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಅವರ ಮನೆ ಮುಂದೆ ನಿಂತಾಗ ಮರೆತುಹೋಯಿತು. ಅಪ್ಪ ಅಂಗಳದಲ್ಲಿ ಅರಿಶಿನ ಹರವುತ್ತಿದ್ದರು. ಕೂರಿ ಎನ್ನಲಿಲ್ಲ.

"ತಪ್ಪು ನನ್ನದು. ಮೊದಲು ನೋಡದೆ ಹಾಕಿಬಿಟ್ಟೆ. ಅವಳನ್ನು ಕಾಲೇಜು ಬಿಡಿಸಬೇಡಿ" ಎಂದೆ.

ಅವರು ಅರಿಶಿನದ ಕೊಂಬುಗಳನ್ನು ಹರವುತ್ತಲೇ ಇದ್ದರು. ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು.

"ಅದ್ನ ನೀವು ನೋಡೇ ಇರ್ನಿಲ್ವ?"

"ಇಲ್ಲ."

"ನಾ ಬಂದು ಒಸಿ ಒತ್ತಾಗಿತ್ತು. ಒಂದ್ಕೂ ನಗು ಬರ್ನಿಲ್ಲ ಕಣವ್ವ. ನೋಡಿದ್ರ ನೀವೇ ಆಕ್ತಿರ್ನಿಲ್ಲ."

ಇದು ಕ್ಷಮೆಯೋ ಅಲ್ಲವೋ ನನಗೆ ತಿಳಿಯಲಿಲ್ಲ. ಆಗ ಒಳಗಿನಿಂದ ಹುಡುಗಿಯ ದನಿ ಬಂತು: "ನಾಳ ಟೆಸ್ಟ್ ಅದ ಕಣಪ್ಪ. ನಾ ಓಯ್ತೀನಿ."

ಅವರು ಆ ಕಡೆ ತಿರುಗಲಿಲ್ಲ. ನನ್ನ ಮುಖ ನೋಡಿಯೇ, "ಸಿನ್ಮಾಗಿನ್ಮಾ ಬ್ಯಾಡ. ಪಾಠ ಆಯ್ತಿದ್ದಂಗೇ ಕಳ್ಸ್ಬುಡಿ" ಅಂದರು.

ಮರುದಿನ ಅವಳು ಬಂದಳು, ಟೆಸ್ಟ್ ಬರೆದಳು. ಶನಿವಾರದ ಸಿನಿಮಾ ಅಲ್ಲಿಗೆ ನಿಂತಿತು. ಮಿಕ್ಕ ಹುಡುಗಿಯರು ಅದಕ್ಕೆ ಅವಳೇ ಕಾರಣವೆಂದು ಎಷ್ಟೋ ದಿನ ಅವಳೊಂದಿಗೆ ಮಾತು ಬಿಟ್ಟಿದ್ದರು. ತಪ್ಪು ಅವಳದಲ್ಲ, ನನ್ನದು ಎಂದು ನಾನು ನಡುವೆ ಬಂದು ಹೇಳಬೇಕಿತ್ತು. ಹೇಳಲಿಲ್ಲ.