ಆರದೆ ಉಳಿದ ಬೆಳಕು

ನಾನು ಕಲಿತದ್ದು ಮೂರನೆಯ ಇಯತ್ತೆ. ಹುಕ್ಕೇರಿಗೆ ಕೊಟ್ಟ ಮಗಳ ಮಗಳು ಪಿಎಚ್.ಡಿ. ಮಾಡುತ್ತಾಳೆ. ಬೇಸಿಗೆಗೆ ನಮ್ಮೂರು ತುಕ್ಕಾನಟ್ಟಿಗೆ ಬಂದವಳು ಪಡಸಾಲೆಯಲ್ಲಿ ಕಂಪ್ಯೂಟರ್ ಬಿಟ್ಟು ಏಳಲಿಲ್ಲ. ಅದೇನು ಎಂದು ಕೇಳಿದೆ. ಗಾಜಿನ ಕೊಳವೆಯೊಳಗೆ ತುಸು ಅನಿಲ, ಹೊರಗೆ ತಾಮ್ರದ ಸುರುಳಿ. ಸುರುಳಿಗೆ ಪವರ್ ಕೊಟ್ಟರೆ ತಂತಿ ತಾಗದೆಯೇ ಅನಿಲ ಹೊಳೆಯುತ್ತದಂತೆ. ಅದು ಪ್ಲಾಸ್ಮಾ. ಪವರ್ ಏರಿಸುತ್ತ ಹೋದರೆ ಮಂಕಾಗಿದ್ದದ್ದು ಒಂದು ಮಟ್ಟಕ್ಕೆ ಬಂದಾಗ ಒಮ್ಮೆಲೇ ಝಗ್ ಎನ್ನುತ್ತದೆ.

"ಎಲ್ಲೈತಿ ಆ ಕೊಳವಿ?"

"ಕಾಲೇಜಿನ ಲ್ಯಾಬಿನಾಗ, ಬ್ಯಾರೇದವರ ಕಡೆ. ನಾ ಬರೇ ಅದರ ಲೆಕ್ಕ ಮಾಡ್ತೀನಿ ಆಯಿ."

"ಇಲ್ಲದ ದೀಪದ ಲೆಕ್ಕಕ್ಕ ಪಗಾರ ಕೊಡ್ತಾರೇನ?"

"ಕೊಡ್ತಾರ. ನಿನಗ್ಯಾಕ ಹೊಟ್ಟಿಉರಿ?"

ಅವಳಿಗಿದ್ದ ತೊಡಕು ಬೇರೆ. ಹೊಳೆದ ಮೇಲೆ ಪವರ್ ಇಳಿಸಿದರೂ ಬೆಳಕು ಅದೇ ಮಟ್ಟದಲ್ಲಿ ಮಂಕಾಗುವುದಿಲ್ಲ, ಪವರ್ ಬಹಳ ಕೆಳಗೆ ಬರುವತನಕ ಉಳಿಯುತ್ತದೆ ಎಂದು ಕೊಳವೆಯವರು ಅಳೆದು ಹೇಳಿದ್ದರು. ಇವಳ ಲೆಕ್ಕದಲ್ಲಿ ಹೊಳೆದ ಮಟ್ಟದಲ್ಲೇ ಮಂಕಾಗುತ್ತಿತ್ತು. ಅವರು ಅಳೆದದ್ದೇ ತಪ್ಪು ಎಂದು ಇವಳು ತನ್ನ ಗೈಡ್ ಸರ್ ಮುಂದೆ ಹೇಳಿಬಿಟ್ಟಿದ್ದಳು. ಸೋಮವಾರ ಎಲ್ಲರೆದುರು ಅದನ್ನು ತೋರಿಸಿಕೊಡಬೇಕಿತ್ತು.

"ಒಲಿ ಆರಿಸಿದ ಮ್ಯಾಲೂ ಬೆಲ್ಲದ ಕೊಪ್ಪರಿಗಿ ಕುದೀತೈತಿ. ಹಂಗಿರಬೇಕ ಬಿಡು" ಎಂದೆ.

"ಕೊಪ್ಪರಿಗಿ ಕಡೀಕ ಆರತೈತಿ ಆಯಿ. ಇದು ಎಷ್ಟೊತ್ತು ಕಾದರೂ ಹಂಗ ಇರತೈತಂತ."

"ಹಂಗಾರ ಅವರು ಹೇಳಿದಂಗ ನಿನ್ನ ಲೆಕ್ಕದ ಗೆರಿ ಎಳದು ಕೊಡು. ಯಾರು ನೋಡ್ತಾರ?"

ಮಧ್ಯಾಹ್ನದತನಕ ನನ್ನ ಜೊತೆ ಮಾತು ಬಿಟ್ಟಳು.

ಶನಿವಾರ ಕರೆಂಟು ಹೋಯಿತು. ಲೆಕ್ಕ ನಡುವೆಯೇ ನಿಂತಿತು. ಕರೆಂಟು ಬಂದಾಗ ಮತ್ತೆ ಮೊದಲಿನಿಂದ ಹಚ್ಚಲು ಅವಳಿಗೆ ಬೇಸರ. ಅನಿಲ ಹೊಳೆಯುತ್ತಿದ್ದ ಹಂತ ಕಂಪ್ಯೂಟರಿನಲ್ಲಿ ಉಳಿದಿತ್ತು. ಅಲ್ಲಿಂದಲೇ ಪವರ್ ಇಳಿಸಿ ಲೆಕ್ಕ ಹಚ್ಚಿದಳು. ನಾನು ಪಕ್ಕದಲ್ಲಿ ಜೋಳ ಹಸನು ಮಾಡುತ್ತಿದ್ದೆ.

"ಆಯೀ, ಇದು ಆರವಲ್ದು!"

ಮೊದಲು ಅಷ್ಟೇ ಪವರಿಗೆ ಅವಳ ಲೆಕ್ಕ ಮಂಕು ಎಂದಿತ್ತು. ಈಗ ಝಗಝಗ. ಹಳೆಯ ಲೆಕ್ಕ ತೆಗೆದು ನೋಡಿ ಬಿಡಿಸಿ ಹೇಳಿದಳು. ಬೇಗ ಮುಗಿಯಲೆಂದು ಒಂದೊಂದು ಪವರಿಗೂ ಹೊಸದಾಗಿ, ಇನ್ನೂ ಹೊತ್ತಿಕೊಳ್ಳದ ಅನಿಲದಿಂದಲೇ ಲೆಕ್ಕ ಶುರು ಮಾಡಿದ್ದಳು. ಅಂದರೆ ಪವರ್ ಇಳಿಸಿದ್ದೇ ಇಲ್ಲ. ಹೊತ್ತಿಯೇ ಇಲ್ಲದ್ದು ಉಳಿಯುವುದಾದರೂ ಎಲ್ಲಿಂದ?

"ಅಂದ್ರ ತಪ್ಪು ನಿಂದು."

"ಹೂಂ."

"ಕೊಳವಿಯವರಿಗೆ ಸುಳ್ಳ ಅಂದಿದ್ದಿ."

"ಅಂದಿದ್ದೆ. ಸಾಕು ಮಾಡು ಆಯಿ."

ಸರ್‌ಗೆ ಫೋನು ಹಚ್ಚಿದಳು. "ನನ್ನ ಲೆಕ್ಕ ತಪ್ಪಿತ್ರಿ ಸರ್. ಸೋಮವಾರ ಎಲ್ಲಾರ ಮುಂದ ನಾನ ಹೇಳ್ತೀನ್ರಿ." ಫೋನು ಇಟ್ಟಾಗ ಮುಖ ಇಳಿದಿತ್ತು.

"ಬೈದ್ರೇನ?"

"ಇಲ್ಲ. ನಕ್ಕರು. ಎಲ್ಲಾ ಮೊದಲಿಂದ ಮಾಡು, ಒಂದು ಮುಗದ ಕಡೆಯಿಂದ ಇನ್ನೊಂದು ಹಚ್ಚು ಅಂದ್ರು. ತಿಂಗಳಾನುಗಟ್ಟಲೆ ಹೋಗತೈತಿ."

"ಹೋಗ್ಲಿ. ರೊಟ್ಟಿ ತಿನ್ನು."

ತಿನ್ನಲಿಲ್ಲ. ಇನ್ನೊಂದು ಫೋನು ಬಾಕಿಯಿತ್ತು, ಲ್ಯಾಬಿನಲ್ಲಿ ಕೊಳವೆಯ ಬೆಳಕು ಅಳೆದಿದ್ದ ಹುಡುಗಿಗೆ. ನಂಬರು ಒತ್ತುವಳು, ಬಿಡುವಳು. ಸರ್‌ಗೆ ಹೇಳಿದಷ್ಟು ಸಲೀಸು ಇರಲಿಲ್ಲ ಇದು. ಕೊನೆಗೆ ಫೋನು ಹಿಡಿದು ಎದ್ದು ಹಿತ್ತಲಿಗೆ ಹೋದಳು. ಅಲ್ಲಿ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳಲು ನಾನೂ ಹೋಗಲಿಲ್ಲ.