ಮೊಯ್ದಿನಾಕನ ತಲೆಯಿಂದ ಇಳಿದ ಪೇಟ

ದುಬೈಯ ನಮ್ಮ ಕನ್ನಡ ಸಂಘದಲ್ಲಿ ಇದ್ದದ್ದು ಒಂದೇ ಮೈಸೂರು ಪೇಟ. ಸನ್ಮಾನ ಎಷ್ಟೇ ಜನರಿಗಿರಲಿ, ಒಬ್ಬರ ತಲೆಗಿಟ್ಟು ಫೋಟೊ ಆದ ಕೂಡಲೇ ಮೆಲ್ಲನೆ ತೆಗೆದು ಮುಂದಿನವರಿಗೆ ಇಡುತ್ತಿದ್ದೆವು. ಹಣ್ಣಿನ ಬುಟ್ಟಿಯೂ ಹಾಗೆಯೇ ತಿರುಗುತ್ತಿತ್ತು. ತಟ್ಟೆ ಹಿಡಿದು ನಿಲ್ಲುವ ಕೆಲಸ ನನ್ನದು. ಅಲ್ ನಹ್ದಾ ಬಡಾವಣೆಯ ಈ ಸಮೀಕ್ಷಾ ಚೆನ್ನಾಗಿ ಸೀರೆ ಉಡುತ್ತಾಳೆ ಎಂಬುದಷ್ಟೇ ಅದಕ್ಕೆ ಕಾರಣ.

ಈ ಸಲದ ಆರೋಗ್ಯ ಶಿಬಿರದಲ್ಲಿ ಪೇಟ ಮೊದಲು ಏರಿದ್ದು ಮೊಯ್ದಿನಾಕನ ತಲೆಗೆ.

ಮಂಗಳೂರು ಕಡೆಯ ಮೊಯ್ದೀನ್ ನಮಗೆಲ್ಲ ಮೊಯ್ದಿನಾಕ. ಬನಿಯಾಸ್‌ನ ಕೋಣೆಯೊಂದರಲ್ಲಿ ನಾಲ್ಕೈದು ಜನರ ಜೊತೆ ಇದ್ದರು. ಮೀಸೆ ಮೂಡಿದಾಗಿನಿಂದ ಕಲ್ಲು ಕೊಯ್ದವರು. ಮಿರ್ದಿಫ್‌ನ ಎಷ್ಟೋ ವಿಲ್ಲಾಗಳ ಅಡುಗೆಮನೆಯ ಗ್ರಾನೈಟ್ ಕಟ್ಟೆ ಅವರು ಕತ್ತರಿಸಿ, ಉಜ್ಜಿ, ಕೂರಿಸಿದ್ದು. ಧೂಳಿಗೆ ಅಡ್ಡವಾಗಿ ಮುಖಕ್ಕೆ ಕಟ್ಟಿದ ಒಂದು ಒದ್ದೆ ಬೈರಾಸು, ಅಷ್ಟೇ. ಊರಿನ ಮದುವೆಗಳಲ್ಲಿ ಹಾಡುತ್ತಿದ್ದ ಗಂಟಲು ಅದು. ಈಗೀಗ ನಗು ಬಂದರೂ ತಡೆದುಕೊಳ್ಳುತ್ತಿದ್ದರು, ನಕ್ಕರೆ ಕೆಮ್ಮು ಹಿಡಿಯುತ್ತದೆಂದು.

ಅವರು ದುಡಿಯುತ್ತಿದ್ದ ಕಂಪನಿಯ ಮಾಲೀಕ ಅಬ್ದುಲ್ ಹಸೀಬ್. ಸಂಘದ ಅಧ್ಯಕ್ಷರೂ ಅವರೇ. ಎದೆಯ ಡಾಕ್ಟರಿಗೆ ತೋರಿಸಿ ಎಂದು ಮೊಯ್ದಿನಾಕ ಕೇಳಿದಾಗಲೆಲ್ಲ ಒಂದೇ ಉತ್ತರ: “ಬರೀ ಧೂಳು ಮೊಯ್ದೀನ್. ಸಿರಪ್ ಕುಡಿ, ಖಲಾಸ್.” ಇನ್ಶೂರೆನ್ಸ್ ಕಾರ್ಡಿನ ಕ್ಲಿನಿಕ್ಕಿನಲ್ಲೂ ಸಿರಪ್ಪೇ. ದೊಡ್ಡ ಆಸ್ಪತ್ರೆಗೆ ಹೋಗಬೇಕಾದರೆ ಕಂಪನಿ ಹೂಂ ಅನ್ನಬೇಕು. ಹೂಂ ಅಂದರೆ ಕೆಲಸದಿಂದಲೇ ಎದೆ ಹಾಳಾಯಿತೆಂದು ಒಪ್ಪಿದ ಹಾಗೆ.

ಶಿಬಿರದಲ್ಲಿ ಅವರ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟವಳು ನರ್ಸ್ ನಾಫಿಯಾ. ದುಬೈಗೆ ಬರುವ ಮೊದಲು ಅವಳು ವೇಲ್ಸ್‌ನಲ್ಲಿ, ಕಲ್ಲಿದ್ದಲ ಗಣಿ ಮುಚ್ಚಿಹೋದ ಊರೊಂದರ ಸರಕಾರಿ ಆಸ್ಪತ್ರೆಯಲ್ಲಿದ್ದಳು. ಕೇಳುತ್ತ ಕೇಳುತ್ತ ಅವಳ ಮುಖ ಸಪ್ಪಗಾಯಿತು.

“ಅಲ್ಲಿ ಗಣಿಯ ಮುದುಕರ ಎದೆಯಲ್ಲಿ ಇದೇ ಸೌಂಡು ಕೇಳಿದ್ದೇನೆ ಕಾಕ,” ಎಂದಳು. “ಅವ್ರು ಯೂನಿಯನ್ ಕಟ್ಟಿ, ಜಗಳ ಮಾಡಿ, ಇದು ಗಣಿ ಧೂಳಿನ ಕಾಯಿಲೆ ಅಂತ ಸರಕಾರದ ಬಾಯಿಂದ್ಲೇ ಹೇಳಿಸಿದ್ರಂತೆ. ಆಸ್ಪತ್ರೆ ನಮ್ಮದೇ, ಯಾರ ಉಪಕಾರವೂ ಅಲ್ಲ ಅಂತಿದ್ರು. ನೀವು ಸ್ಕ್ಯಾನ್ ಮಾಡಿಸ್ಲೇಬೇಕು.”

“ಇಲ್ಲಿ ಯೂನಿಯನ್ ಮಾಫಿ, ಇಲ್ಲವೇ ಇಲ್ಲ ಅಲ್ವಾ ಮೋಳೇ,” ಎಂದು ಮೊಯ್ದಿನಾಕ ನಗಲು ಹೋಗಿ ಕೆಮ್ಮಿದರು.

ನಾಫಿಯಾ ನೇರ ಹಸೀಬರ ಬಳಿ ಹೋಗಿ ಹೇಳಿದಳು. ಅವರು ಎಲ್ಲದಕ್ಕೂ ತಲೆಯಾಡಿಸಿ, ಅವಳು ಆಚೆ ಹೋದ ಮೇಲೆ ನನ್ನನ್ನು ಕರೆದರು. “ಸಮೀಕ್ಷಾ, ಮೊಯ್ದೀನ್‌ಗೊಂದು ಸನ್ಮಾನ ಸೇರಿಸಿ. ಶ್ರಮರತ್ನ ಅಂತ ಇಡುವ. ಸುಮ್ಮನಾಗ್ತಾನೆ.”

ಡಾಕ್ಟರು ಬೇಕು ಎಂದವರಿಗೆ ಬಿರುದು! ನನ್ನ ಮೈಯೆಲ್ಲ ಉರಿಯಿತು.

ವೇದಿಕೆಯಲ್ಲಿ ಊರಿನಿಂದ ಕರೆಸಿದ ಮಾಜಿ ಶಾಸಕರಿದ್ದರು. ಅಧಿಕಾರದಲ್ಲಿದ್ದಾಗ ತಮ್ಮ ಕ್ಷೇತ್ರದ ಸರಕಾರಿ ಆಸ್ಪತ್ರೆಗೆ ಒಬ್ಬ ಡಾಕ್ಟರನ್ನು ತರಲಾಗದ ಮನುಷ್ಯ, ಬಡವರ ಆರೋಗ್ಯದ ಬಗ್ಗೆ ಭಾಷಣ ಬಿಗಿದದ್ದೇ ಬಿಗಿದದ್ದು. ಅವರಿಗೆ ಮುಂದಿನ ಚುನಾವಣೆಗೆ ಹಸೀಬರು ಬೇಕು, ಹಸೀಬರಿಗೆ ಅವರ ಜೊತೆಗೊಂದು ಫೋಟೊ ಬೇಕು.

ಮೊಯ್ದಿನಾಕನಿಗೆ ಶಾಲು ಹೊದಿಸಿದರು, ಪೇಟ ಇಟ್ಟರು, ಬುಟ್ಟಿ ಕೊಟ್ಟರು. ಕ್ಯಾಮೆರಾ ಎತ್ತುವಷ್ಟರಲ್ಲಿ ಕೆಮ್ಮು ಶುರುವಾಯಿತು. ಬಗ್ಗಿದಾಗ ಪೇಟ ಜಾರಿತು. ಅವರು ಬುಟ್ಟಿಯನ್ನು ಕಂಕುಳಿಗೆ ಸಿಕ್ಕಿಸಿ, ಕೈಗೆ ಸಿಕ್ಕ ಪೇಟದಿಂದಲೇ ಬಾಯಿ ಮುಚ್ಚಿಕೊಂಡರು. ಕೆಮ್ಮು ನಿಂತ ಮೇಲೆ ಅದನ್ನು ಸರಿಮಾಡಿ ನನ್ನ ತಟ್ಟೆಯಲ್ಲಿಟ್ಟರು.

ಮುಂದಿನ ಸರದಿ ಮಾಜಿ ಶಾಸಕರದು. ನಾನು ಬೇಕೆಂದೇ ತಟ್ಟೆ ಚಾಚಿದೆ. ಅವರು ಕುರ್ಚಿಸಮೇತ ಹಿಂದೆ ಸರಿದರು. “ಬೇಡ, ಬೇಡ!”

“ಅದನ್ನು ಒಳಗೆ ತಕ್ಕೊಂಡು ಹೋಗಿ,” ಎಂದು ಹಸೀಬ್ ನನ್ನ ಮೇಲೆ ಸಿಡುಕಿದರು. “ಅವನಿಗೆ ಎಂತ ಕಾಯಿಲೆಯೋ ಏನೋ!”

ಪಕ್ಕದಲ್ಲೇ ಇದ್ದ ಮೊಯ್ದಿನಾಕನಿಗೆ ಅದು ಕೇಳಿಸಿತು. ತಟ್ಟೆಯಿಂದ ಪೇಟ ಎತ್ತಿ ಹಸೀಬರ ಎದುರು ಹಿಡಿದರು.

“ಎಂತ ಹೆದರಿಕೆ ಹಸೀಬ್ ಭಾಯ್? ಬರೀ ಧೂಳಲ್ವಾ? ನೀವೇ ಹಾಕ್ಕೊಳ್ಳಿ.”

ಹಸೀಬ್ ಕೈ ಚಾಚಲಿಲ್ಲ.

ತಿಂಗಳೊಳಗೆ ಕಂಪನಿ ಅವರ ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಕಳಿಸಿತು. ಸ್ಕ್ಯಾನ್ ಆಗಲೇ ಇಲ್ಲ. ಈಗ ಅದೇ ಮಾಜಿ ಶಾಸಕರ ಕ್ಷೇತ್ರದಲ್ಲಿ, ಡಾಕ್ಟರಿಲ್ಲದ ಆಸ್ಪತ್ರೆಯ ಜಗಲಿಯಲ್ಲಿ ಕೂತು ಕೆಮ್ಮುತ್ತಾರಂತೆ.

ಸಂಘ ಮಾತ್ರ ತಡಮಾಡದೆ ಹೊಸ ಪೇಟ ತರಿಸಿದೆ. ತಟ್ಟೆ ಹಿಡಿಯಲು ಬರಬೇಕೆಂದು ಹಸೀಬ್ ನಿನ್ನೆ ಫೋನ್ ಮಾಡಿದ್ದರು. ಥೂ ಎಂದು ಇಟ್ಟುಬಿಟ್ಟೆ.