ಮೂರು ಕೂಗು

ತೆಂಗಿನಕಾಯಿ ಬೀಳುವ ಸದ್ದು ಎಲ್ಲ ನೆಲದ ಮೇಲೂ ಒಂದೇ ಅಲ್ಲ. ಉತ್ತ ಮಣ್ಣಿನ ಮೇಲೆ ಬಿದ್ದರೆ ಮೆತ್ತಗೆ ಗುದ್ದಿದ ಹಾಗೆ, ಒಣಗರಿಗಳ ಮೇಲೆ ಬಿದ್ದರೆ ಯಾರೋ ಚಾಪೆ ಕೊಡವಿದ ಹಾಗೆ, ಸಗಣಿ ಸಾರಿಸಿದ ಗಟ್ಟಿ ಅಂಗಳದ ಮೇಲೆ ಬಿದ್ದರೆ ಮಾತ್ರ ಎದೆಯೊಳಗೇ ಬಿದ್ದ ಹಾಗೆ. ಕಳೆದ ತಿಂಗಳು ಒಂದು ಬೆಳಿಗ್ಗೆ ಐದೂವರೆಗೆ, ನಾನು ಮುಖ ತೊಳೆದು ಹಾಲನ್ನು ಒಲೆಯ ಮೇಲಿಟ್ಟಿದ್ದಾಗ, ತಿಪಟೂರಿನ ನಮ್ಮ ಬೀದಿಯ ಮೂಲೆಮನೆಯ ಮರದಿಂದ ಕಾಯೊಂದು ಕಳಚಿ ಸಿಮೆಂಟಿನ ಮೇಲೆ ಬಿತ್ತು. ಅದರ ಹಿಂದೆಯೇ ಒಂದು ನಾಯಿ ಕುಂಯ್ ಎಂದಿತು. ಬಾಗಿಲು ತೆಗೆದು ಹೋಗಿ ನೋಡಿದೆ. ನಾಯಿ ಹೆದರಿತ್ತು ಅಷ್ಟೆ, ಅದಕ್ಕೆ ಏನೂ ಆಗಿರಲಿಲ್ಲ. ವಾಪಸ್ಸು ಬರುವಷ್ಟರಲ್ಲಿ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು. ನನ್ನ ಅಡುಗೆಮನೆಯಲ್ಲಿ ಹಾಲು ಉಕ್ಕಿ ಎಷ್ಟೋ ವರ್ಷಗಳಾಗಿದ್ದವು. ಒಲೆ ಒರೆಸಿ, ಬಟ್ಟೆ ಹಿಂಡಿ ಹರವಿ, ಕುಳಿತುಕೊಂಡೆ. ಕೆಂಚನೆಂಬ ನಾಯಿ ನೆನಪಿಗೆ ಬಂದಿತ್ತು. ಕೆಂಚನ ಹಿಂದೆ ನಂಜಮ್ಮ ಬಂದಳು, ನಂಜಮ್ಮನ ಹಿಂದೆ ಆ ಎರಡು ಮನೆಗಳೂ ಬಂದವು.

ನಮ್ಮ ಊರು ದಬ್ಬೇಘಟ್ಟಕ್ಕೆ ನಡೆದು ಹೋಗುವಷ್ಟು ದೂರದಲ್ಲಿತ್ತು. ಅವ್ವನ ಜೊತೆ ತಾತನ ಮನೆಯಲ್ಲಿ ಬೆಳೆದವಳು ನಾನು. ಆ ಮನೆಯ ಅಟ್ಟದ ಮೇಲೆ ವರ್ಷವಿಡೀ ಕಾಯಿ ಒಣಗುತ್ತಿದ್ದವು. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುವವರೆಗೆ ಅವು ಅಲ್ಲೇ ಕತ್ತಲೆಯಲ್ಲಿ ಮಲಗಿರುತ್ತಿದ್ದವು. ಎಣ್ಣೆಯದೋ ಧೂಳಿನದೋ ಎಂದು ಹೇಳಲಾಗದ, ತುಸು ಸಿಹಿಯಾದ ಅವುಗಳ ವಾಸನೆ ನಮ್ಮ ಹಾಸಿಗೆಗೂ ನನ್ನ ಶಾಲೆಯ ಪುಸ್ತಕಗಳಿಗೂ ತಾತನ ಶಲ್ಯಕ್ಕೂ ಹತ್ತಿತ್ತು. ತಾತ ಗಡಿಯಾರದ ಮನುಷ್ಯ. ನಾಲ್ಕೂವರೆಗೆ ಏಳುವುದು, ಆರಕ್ಕೆ ಪೂಜೆ, ಏಳಕ್ಕೆ ತೋಟ, ಒಂದಕ್ಕೆ ಮುದ್ದೆ. ಪ್ರತಿ ಸೋಮವಾರ ಪೂಜೆ ಮುಗಿದ ಮೇಲೆ ಪಡಸಾಲೆಯ ಗಡಿಯಾರಕ್ಕೆ ಕೀಲಿ ಕೊಡುವುದು. ಮನೆಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಕೆಲಸವಿತ್ತು. ಅದನ್ನು ನೆನಪಿಸುವವರು ಯಾರೂ ಇರಲಿಲ್ಲ, ಮರೆಯುವವರೂ ಇರಲಿಲ್ಲ. ಎಂಟನೇ ವಯಸ್ಸಿಗೆ ನನಗೆ ಸಿಕ್ಕ ಕೆಲಸ, ಕೂಗುವುದು.

ಪಕ್ಕದ ಮನೆ ಮರುಳಪ್ಪನವರದು. ಅವರು ನಮಗೆ ನೆಂಟರಲ್ಲ, ಆದರೂ ಅವರು ತಾತನನ್ನು ದೊಡ್ಡಪ್ಪ ಎನ್ನುತ್ತಿದ್ದರು, ನಾನು ಅವರ ಹೆಂಡತಿ ನಂಜಮ್ಮನನ್ನು ಚಿಕ್ಕವ್ವ ಎನ್ನುತ್ತಿದ್ದೆ. ಎರಡು ಹಿತ್ತಲುಗಳ ನಡುವೆ ಕಳ್ಳಿಯ ಬೇಲಿ, ಬೇಲಿಯಲ್ಲಿ ಒಬ್ಬರು ನುಸುಳುವಷ್ಟು ಅಗಲದ ಒಂದು ಕಂಡಿ. ನಮ್ಮ ಬಾವಿಯ ನೀರು ಗಡಸು, ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ. ಹಾಗಾಗಿ ಅಡುಗೆಯ ನೀರು ದಿನಾ ಅವರ ಬಾವಿಯಿಂದ ಆ ಕಂಡಿಯ ಮೂಲಕವೇ ಬರುತ್ತಿತ್ತು. ಅದರ ಪಕ್ಕದಲ್ಲೇ ತಾತನ ತಾಯಿ ನೆಟ್ಟ ಒಂದು ತೆಂಗಿನ ಮರ. ಬುಡ ನಮ್ಮ ಹಿತ್ತಲಿನಲ್ಲಿ, ತಲೆ ಅವರ ಅಂಗಳದ ಮೇಲೆ. ಎರಡು ತಿಂಗಳಿಗೊಮ್ಮೆ ಕಾಯಿ ಕೀಳುವ ದಿನ ಕಂಡಿಯ ಹತ್ತಿರ ನಿಂತು, "ಕಾಯಿ ಕೀಳ್ತೀವಿ, ಮಕ್ಳು ಮರಿ ಒಳಕ್ಕೆ ಕರ್ಕಳ್ರಪ್ಪೋ" ಎಂದು ಮೂರು ಸಲ ಕೂಗಬೇಕು. ಒಂದು ಕೂಗಿಗೂ ಇನ್ನೊಂದಕ್ಕೂ ನಡುವೆ ಬಿಡುವು ಕೊಡಬೇಕು. ಮೂರನೆಯದಾದ ಮೇಲೆ ಆ ಕಡೆಯಿಂದ "ಆಯ್ತು, ಕೀಳ್ರಿ" ಎಂದು ಬರಬೇಕು. ಅದು ಬರುವವರೆಗೆ ಯಾರೂ ಮರ ಮುಟ್ಟುವಂತಿಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ನೆರೆಹೊರೆಯವರ ನಡುವೆ ಹೀಗೊಂದು ಕಟ್ಟಳೆಯಿತ್ತು. ಕೂಗುವುದು ಮರದವರ ಜವಾಬ್ದಾರಿ, ಕೂಗಿದ ಮೇಲೆ ಒಳಗೆ ಕರೆದುಕೊಳ್ಳುವುದು ಅಂಗಳದವರ ಜವಾಬ್ದಾರಿ.

ಕೆಂಚ ಅವರ ಮನೆಯ ನಾಯಿ. ಇಟ್ಟಿಗೆಯ ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಸಿದ್ದು. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ತಂಪಿನಲ್ಲಿ ಮಲಗುವುದು ಅದರ ಅಭ್ಯಾಸ. ಆ ದಿನ ಮರ ಹತ್ತುವ ಚಿಕ್ಕಣ್ಣ ಮುಂಬಾಗಿಲ ಹತ್ತಿರ ಕತ್ತಿ ಮಸೆಯುತ್ತಾ, ಕೂಗಿ ಬಂದರೆ ಮೊದಲು ನಿನಗೊಂದು ಎಳನೀರು ಕೆಡವುತ್ತೇನೆ ಎಂದಿದ್ದ. ನಾನು ಹಿತ್ತಲಿಗೆ ಓಡಿದೆ. ಒಂದು ಸಲ ಕೂಗಿದೆ. ಉತ್ತರ ಬರಲಿಲ್ಲ. ಎಳನೀರಿನ ಆಸೆಗೆ ಅಲ್ಲಿಂದಲೇ ತಿರುಗಿ ಓಡಿಬಂದೆ. "ಕೂಗಾಯ್ತೇನವ್ವಾ?" ಎಂದ ಚಿಕ್ಕಣ್ಣ. "ಆಯ್ತು" ಎಂದೆ. ಅವನು ಅಳಿಲಿನ ಹಾಗೆ ಮರ ಹತ್ತುವವನು. ನಾನು ಎಳನೀರಿಗೆ ಲೋಟ ತರಲು ಒಳಗೆ ಹೋಗಿದ್ದೆ. ಕಾಯಿ ಗಟ್ಟಿ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು, ಅದರ ಜೊತೆಗೇ ಕೆಂಚನ ಕಿರುಚಾಟ. ಲೋಟ ಹಿಡಿದುಕೊಂಡೇ ಓಡಿದೆ. ಕೆಂಚನ ಹಿಂಗಾಲು ಒಂದು ಕಡೆಗೆ ತಿರುಗಿಕೊಂಡಿತ್ತು. ನಂಜಮ್ಮ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅವಳ ಬೆರಳುಗಳಲ್ಲಿ ಇನ್ನೂ ಹಾಲಿನ ನೊರೆಯಿತ್ತು.

ಮರುಳಪ್ಪ ಕಿಬ್ಬನಹಳ್ಳಿಗೆ ಹೋಗಿದ್ದವರು ಮಧ್ಯಾಹ್ನ ಬಸ್ಸಿಳಿದು ಬಂದರು, ನಾಯಿಯನ್ನು ನೋಡಿದರು, ನೇರ ನಮ್ಮ ಹಿತ್ತಲಿಗೆ ನುಗ್ಗಿದರು. ಅಷ್ಟರಲ್ಲಿ ಬೀದಿಯ ಅರ್ಧ ಜನ ಸೇರಿದ್ದರು.

"ಏನ್ ದೊಡ್ಡಪ್ಪಾ, ನಿಮ್ ಮರಕ್ಕೆ ಮಲಿಕ್ಕೊಳ್ಳಾಕೆ ನಮ್ ಅಂಗ್ಳಾನೇ ಬೇಕಾ? ಬುಡ ನಿಮ್ಮನೇಲಿ, ತಲೆ ನಮ್ಮನೇಲಿ!"

"ಅದು ನಿಮ್ಮಪ್ಪನ ಕಾಲದಿಂದ್ಲೂ ಹಂಗೇ ಬಗ್ಗೈತೆ ಕಣ್ಲಾ ಮರುಳ. ಅವತ್ತಿಂದ ನೆರಳು ಬೇಕಾಗಿತ್ತು, ಇವತ್ತು ಕಾಯಿ ಬ್ಯಾಡ್ವಾ?"

"ನೆರಳು ಬಿದ್ರೆ ಕಾಲು ಮುರಿಯಲ್ಲ ಬುಡಿ."

"ಕೂಗೋದು ನಮ್ ಕೆಲ್ಸ, ಒಳಕ್ಕೆ ಕರ್ಕಳೋದು ನಿಮ್ ಕೆಲ್ಸ. ನಾವು ಕೂಗಿದ್ದೀವಿ."

"ಯಾರು ಕೇಳಿದ್ರು ಕೂಗಿದ್ದು? ಏನ್ಲಾ ಚಿಕ್ಕಣ್ಣ, ನಿಂಗೆ ನಾಯಿ ಕಾಣ್ಲಿಲ್ವಾ?"

"ನನ್ ಕಣ್ಣು ಗೊನೆ ಮ್ಯಾಲೆ ಇರ್ತದೆ ಕಣಣ್ಣ, ನಾಯಿ ಮ್ಯಾಲೆ ಇಕ್ಕಿದ್ರೆ ನಾನೇ ಬೀಳ್ತೀನಿ" ಎಂದ ಚಿಕ್ಕಣ್ಣ. ಯಾರೋ ನಕ್ಕರು. ತಾತ ನಗಲಿಲ್ಲ. ನನ್ನನ್ನು ಹತ್ತಿರ ಕರೆದು ತಲೆಯ ಮೇಲೆ ಕೈಯಿಟ್ಟರು.

"ಎಷ್ಟು ಸಲ ಕೂಗ್ದೆ ಗಿರಿಜವ್ವ?"

"ಮೂರು ಸಲ ತಾತ."

"ಕೇಳಿಸ್ಕಂಡೇನಪ್ಪ? ನಮ್ಮನೇಲಿ ಸುಳ್ಳು ಹೇಳೋರು ಹುಟ್ಟಿಲ್ಲ" ಎಂದರು ತಾತ. ಅವರ ಅಂಗೈಯ ಭಾರ ನನ್ನ ನೆತ್ತಿಯ ಮೇಲೆ ಇನ್ನೂ ಇದೆ. ಮರುಳಪ್ಪ ಸೋಲೊಪ್ಪದೆ ಹೆಂಡತಿಯ ಕಡೆ ತಿರುಗಿದರು. "ನೀನೇ ಹೇಳಮ್ಮೀ, ಕೂಗಿದ್ದು ಕೇಳಿಸ್ತಾ ನಿಂಗೆ?" ನಂಜಮ್ಮ ನನ್ನನ್ನು ನೋಡಿದಳು. ಬಹಳ ಹೊತ್ತೇನೂ ಅಲ್ಲ, ಒಂದು ಉಸಿರಿನಷ್ಟು. ಆಮೇಲೆ, "ಕೇಳಿಸ್ತು. ಹಾಲು ಕರೀತಾ ಇದ್ದೆ, ಏಳ್ಲಿಲ್ಲ" ಎಂದಳು. ಜನ ಚದುರಿದರು. ಉತ್ತರಕ್ಕೆ ಕಾದಿರಾ ಎಂದು ಯಾರೂ ಕೇಳಲಿಲ್ಲ, ತಪ್ಪು ಅಂಗಳದವರದು ಎಂದಾಯಿತು. ಸ್ವಂತ ಹೆಂಡತಿಯ ಮಾತಿನಿಂದಲೇ ಬೀದಿಯವರ ಮುಂದೆ ಬಾಯಿ ಕಟ್ಟಿಸಿಕೊಂಡ ಮರುಳಪ್ಪ ಸಂಜೆಯೊಳಗೆ ಜಾಲಿ ಮುಳ್ಳು ತಂದು ಕಂಡಿಗೆ ಜಡಿದರು. "ಆ ಕಡೆ ಕೂಗೂ ಬ್ಯಾಡ, ಈ ಕಡೆ ನೀರೂ ಬ್ಯಾಡ" ಎಂದು ಕೇಳುವಷ್ಟು ಜೋರಾಗಿ ಹೇಳಿದರು. ಅಂದಿನಿಂದ ನಮ್ಮ ಮನೆಯಲ್ಲಿ ಬೇಳೆ ಬೇಯಲಿಲ್ಲ. ಅವ್ವ ಸೊಪ್ಪಿನ ಸಾರು ಮಾಡುತ್ತಿದ್ದಳು. ತಾತ ಒಂದಕ್ಕೆ ಸರಿಯಾಗಿ ಕುಳಿತು ಅದನ್ನು ಉಣ್ಣುತ್ತಿದ್ದರು.

ಮಾರನೆಯ ದಿನ ಅಂಗಡಿಗೆ ಹೋಗಿ ಬರುವಾಗ ನಂಜಮ್ಮ ಬೀದಿಯಲ್ಲಿ ನನ್ನನ್ನು ನಿಲ್ಲಿಸಿದಳು. "ಗಿರಿಜಿ, ನಾಯಿ ಕಾಲು ಕಟ್ಟೋವಾಗ ಹಿಡ್ಕಳಾಕೆ ಒಂದ್ ಜೊತೆ ಕೈ ಬೇಕು. ನಾಳೆಯಿಂದ ಬೆಳಿಗ್ಗೆ ಬಾ. ತಾತನ್ನ ಕೇಳ್ಕಂಡೇ ಬಾ." ಹೆದರುತ್ತಲೇ ತಾತನನ್ನು ಕೇಳಿದೆ. ಅವರು ಗಡಿಯಾರದ ಕಡೆ ನೋಡಿದರು. "ನಾಯಿಗೂ ನಮ್ಗೂ ಜಗಳ ಇಲ್ಲ. ಆರಕ್ಕೆ ಹೋಗು, ಆರೂವರೆಗೆ ಬಾ." ಹೀಗೆ ದಿನಾ ಆರಕ್ಕೆ ಬೀದಿ ಸುತ್ತಿಕೊಂಡು ಅವರ ಮನೆಗೆ ಹೋಗತೊಡಗಿದೆ. ನಂಜಮ್ಮ ಕಬ್ಬಿಣದ ಸೌಟಿನಲ್ಲಿ ಕೊಬ್ಬರಿ ಎಣ್ಣೆ ಕಾಯಿಸಿ ಅರಿಶಿನ ಉದುರಿಸುವಳು. ಅದು ಉಗುರುಬೆಚ್ಚಗೆ ಆರುವವರೆಗೆ ನಾವು ಹಳೆಯ ಸೀರೆಯನ್ನು ಪಟ್ಟಿ ಪಟ್ಟಿಯಾಗಿ ಹರಿಯುತ್ತಿದ್ದೆವು. ತೆಂಗಿನ ಗರಿಯ ದಿಂಡನ್ನು ತೆಳ್ಳಗೆ ಸೀಳಿ, ಕಾಲಿನ ಎರಡೂ ಕಡೆಗಿಟ್ಟು, ಪಟ್ಟಿ ಸುತ್ತುವುದು. ಬಿಗಿಯಾದರೆ ಪಾದ ಊದುತ್ತದೆ, ಸಡಿಲವಾದರೆ ಮೂಳೆ ಕೂಡುವುದಿಲ್ಲ. ಗಂಟಿನೊಳಗೆ ಒಂದು ಕಿರುಬೆರಳು ಹೋಗಬೇಕು, ಎರಡು ಹೋಗಬಾರದು. ಮುಂದೆ ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾದಾಗ ಇದನ್ನೇ ಮತ್ತೊಮ್ಮೆ ಪುಸ್ತಕದಲ್ಲಿ ಓದಿದೆ. ಜಗಲಿಯ ಮೇಲೆ ಕುಳಿತ ಮರುಳಪ್ಪ ನನ್ನ ಕಡೆ ನೋಡದೆ, "ಬಂದ್ಳಾ ಆ ಮನೆ ಡಾಕ್ಟ್ರಮ್ಮ?" ಎನ್ನುತ್ತಿದ್ದರು. ಕೆಂಚ ಮೊದಲ ದಿನಗಳಲ್ಲಿ ನನ್ನನ್ನು ಕಂಡರೆ ಗುರ್ ಎನ್ನುತ್ತಿತ್ತು. ನನಗೆ ಅದೇ ಸರಿ ಎನಿಸುತ್ತಿತ್ತು.

ಎಂಟನೆಯ ಬೆಳಿಗ್ಗೆ, ಸೋಮವಾರ, ಪಟ್ಟಿ ಬಿಚ್ಚಿದಾಗ ಕೆಂಚ ನನ್ನ ಮೊಣಕೈ ನೆಕ್ಕಿತು. ನನಗೆ ತಡೆಯಲಾಗಲಿಲ್ಲ.

"ಚಿಕ್ಕವ್ವಾ, ನಾನು ಒಂದೇ ಸಲ ಕೂಗಿದ್ದು."

"ಗೊತ್ತು ಕಣೇ. ಪಟ್ಟಿ ಸರಿಯಾಗಿ ಹಿಡ್ಕ."

ಅವಳು ಸುತ್ತುವುದನ್ನು ನಿಲ್ಲಿಸಲಿಲ್ಲ. "ಒಂದ್ ಕೂಗು ಕೇಳಿಸ್ತು. ಇನ್ನೆರಡು ಕೂಗೋವಷ್ಟ್ರಲ್ಲಿ ಕರು ಬಿಟ್ಟು ಎದ್ದು ಬತ್ತೀನಿ ಅಂದ್ಕಂಡೆ. ಆಮೇಲೆ ಕೂಗೇ ಇಲ್ಲ. ದೊಡ್ಡಪ್ಪ ಏನೋ ಕೆಲ್ಸಕ್ಕೆ ಕರ್ದಿರ್ಬೇಕು ಅಂತ ಸುಮ್ನಾದೆ. ನಿಮ್ಮನೇಲಿ ಒಂದ್ ಕೂಗಿಗೆ ಯಾವತ್ತಾದ್ರೂ ಕಾಯಿ ಬಿದ್ದಿತ್ತೇನೇ?"

"ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ?"

"ಕೇಳಿಸ್ತಾ ಅಂದ್ರು, ಕೇಳಿಸ್ತು ಅಂದೆ. ಎಷ್ಟು ಸಲ ಅಂತ ನನ್ನ ಯಾರು ಕೇಳಿದ್ರು?" ಎಂದು ನಕ್ಕಳು. ಆಮೇಲೆ ಗಂಟು ಹಾಕಿ, ಕಿರುಬೆರಳು ತೂರಿಸಿ ನೋಡಿ, ನಿಧಾನವಾಗಿ ಹೇಳಿದಳು: "ನಿಮ್ ತಾತ ಅಷ್ಟು ಜನದ ಮುಂದೆ ನಿನ್ ತಲೆ ಮ್ಯಾಲೆ ಕೈಯಿಟ್ಕಂಡು ನಿಂತಿದ್ರಲ್ಲೇ. ಆ ಕೈಯ ನಾನು ಹೆಂಗೆ ತೆಗೀಲಿ? ನೀನೇ ತೆಗಿಸ್ಬೇಕು. ಹೋಗು, ಆರೂವರೆ ಆಯ್ತು."

ಮನೆಗೆ ಬಂದಾಗ ತಾತ ಪೂಜೆ ಮುಗಿಸಿ, ಸ್ಟೂಲಿನ ಮೇಲೆ ನಿಂತು ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು. ಕೆಳಗಿನಿಂದಲೇ ಹೇಳಿದೆ. ಕೀಲಿ ತಿರುಗುವ ಸದ್ದು ಒಮ್ಮೆ ನಿಂತು ಮತ್ತೆ ಮುಂದುವರಿಯಿತು. ಕೀಲಿ ಪೂರ್ತಿ ಕೊಟ್ಟು, ಗಾಜಿನ ಬಾಗಿಲು ಮುಚ್ಚಿ ಇಳಿದರು. "ಒಂದೇನಾ?" ಎಂದರು. "ಒಂದೇ." "ಉತ್ರ ಬಂತಾ?" "ಇಲ್ಲ." ಹೊಡೆಯುತ್ತಾರೆಂದು ಕಣ್ಣು ಮುಚ್ಚಿದ್ದೆ. ಅವರು ಶಲ್ಯ ಹೊದ್ದು ನನ್ನ ಕೈ ಹಿಡಿದುಕೊಂಡರು. ಅಂದು ಏಳಕ್ಕೆ ತಾತ ತೋಟಕ್ಕೆ ಹೋಗಲಿಲ್ಲ. ನನಗೆ ತಿಳಿದ ಮಟ್ಟಿಗೆ ಅದೊಂದೇ ದಿನ. ಬೀದಿ ಸುತ್ತಿ ಮರುಳಪ್ಪನ ಮುಂಬಾಗಿಲಿಗೆ ಹೋಗಿ, ಜಗಲಿಯ ಕೆಳಗೇ ನಿಂತು, ಅವತ್ತು ಜನ ಕೇಳಿಸಿಕೊಂಡಷ್ಟೇ ಗಟ್ಟಿಯಾಗಿ ಹೇಳಿದರು: "ಮರುಳಪ್ಪ, ತಪ್ಪು ನಮ್ದು. ಕೂಗಿದ್ದು ಒಂದೇ ಸಲ. ನಾನು ಆಡಿದ ಮಾತು ವಾಪಸ್ ತಗಂತೀನಿ." ಯಾವಾಗಲೂ ಮರುಳ ಎನ್ನುತ್ತಿದ್ದವರು ಅಂದು ಪೂರ್ತಿ ಹೆಸರು ಕರೆದಿದ್ದರು. ಮರುಳಪ್ಪ ಜಗಲಿಯಿಂದ ಎದ್ದು ನಿಂತರು. ಹೆಂಡತಿಯ ಕಡೆ ತಿರುಗಿ, "ನಿಂಗೆ ಗೊತ್ತಿತ್ತೇನಮ್ಮೀ?" ಎಂದರು. "ಮೊದ್ಲು ದೊಡ್ಡಪ್ಪಂಗೆ ಚಾಪೆ ಹಾಕಿ, ಆಮೇಲೆ ನನ್ ವಿಚಾರಣೆ ಮಾಡೀರಂತೆ" ಎಂದು ನಂಜಮ್ಮ ಒಳಗೆ ಹೋದಳು. ಚಾಪೆ ಬಂತು. ತಾತ ಕುಳಿತರು. ಆಮೇಲೆ ಮರುಳಪ್ಪ, "ಬೇಳೆ ಸಾರು ಉಂಡು ಎಷ್ಟು ದಿನ ಆಯ್ತು ದೊಡ್ಡಪ್ಪಾ?" ಎಂದರು. "ಒಂಬತ್ತು" ಎಂದರು ತಾತ. ಮರುಳಪ್ಪ ಎದ್ದು ಹೋಗಿ ಕಂಡಿಯ ಮುಳ್ಳು ಕಿತ್ತರು.

ನನ್ನನ್ನು ಯಾರೂ ಬೈಯಲಿಲ್ಲ. ತಾತ ಕೂಗುವ ಕೆಲಸವನ್ನು ನನ್ನಿಂದ ಕಿತ್ತುಕೊಳ್ಳಲೂ ಇಲ್ಲ. ಅಂದಿನಿಂದ ದಿನಾ ಒಂದು ಗಂಟೆಗೆ, ತಾವು ಉಣ್ಣುವ ಮೊದಲು, ತಾತ ಒಂದು ಮುದ್ದೆ ಹಿಡಿದುಕೊಂಡು ಕಂಡಿ ನುಸುಳಿ ಕೆಂಚನಿಗೆ ಹಾಕಿ ಬರುತ್ತಿದ್ದರು. ಕೆಂಚ ಇದ್ದಷ್ಟು ದಿನವೂ ಅದು ತಪ್ಪಲಿಲ್ಲ. ಕಾಲು ಕೂಡಿಕೊಂಡಿತು, ಕುಂಟು ಉಳಿಯಿತು. ಮುಂದೆ ಕಾಯಿ ಕೀಳುವ ದಿನ ನಾನು ಮೊದಲ ಸಲ ಕೂಗುತ್ತಿದ್ದಂತೆ ಅದು ತಾನಾಗಿ ಎದ್ದು, ಕುಂಟುತ್ತಾ ಕಂಡಿ ದಾಟಿ ಬಂದು, ನನ್ನ ಕಾಲಿಗೆ ಒರಗಿ ಕೂರುತ್ತಿತ್ತು. ಆದರೂ ಇನ್ನೆರಡು ಸಲ ಕೂಗುತ್ತಿದ್ದೆ. "ಆಯ್ತು ಕಣವ್ವಾ, ಕೀಳ್ರಿ" ಎಂಬ ನಂಜಮ್ಮನ ದನಿ ಬರುವವರೆಗೆ ಕಾಯುತ್ತಿದ್ದೆ.

ನಿಮ್ಮ ಮನೆಯ ಹಿತ್ತಲಿನಲ್ಲೂ ಅಂಥದೊಂದು ಕಂಡಿ ಇದ್ದಿರಬೇಕು. ಅದರ ಆಚೆ ನಿಂತು ನಿಮ್ಮ ತಪ್ಪನ್ನು ಕೆಲವು ದಿನ ತನ್ನ ಸೆರಗಿನಲ್ಲಿ ಕಟ್ಟಿಟ್ಟುಕೊಂಡು, ನೀವೇ ಕೇಳಿ ಪಡೆಯುವವರೆಗೆ ಕಾದ ಒಬ್ಬಳೂ ಇದ್ದಿರಬೇಕು. ವಾರ್ಡಿನಲ್ಲಿ ನನ್ನನ್ನು ಶಿಸ್ತಿನವಳು ಎಂದು ಹೇಳುತ್ತಿದ್ದರು. ಕೆಲವರು ಮೆಚ್ಚಿ, ಕೆಲವರು ಬೇಸರದಿಂದ. ಗಡಿಯಾರವನ್ನು ನೋಡಲು ಕಲಿಸಿದವರು ತಾತ. ಆ ಗಡಿಯಾರವನ್ನು ನಂಬಿ ಆಚೆ ಕಡೆ ಒಬ್ಬರು ಕೈ ತುಂಬ ಕೆಲಸ ಇಟ್ಟುಕೊಂಡು ಕುಳಿತಿರುತ್ತಾರೆ ಎಂದು ತೋರಿಸಿದವಳು ನಂಜಮ್ಮ. ಇದನ್ನು ಅವಳಿಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ. ಪ್ರತಿ ಸಲ ಹೋದಾಗಲೂ ಅವಳು ಮೊದಲು ಊಟ ಹಾಕುತ್ತಿದ್ದಳು, ಊಟವಾದ ಮೇಲೆ ಬಸ್ಸಿನ ಹೊತ್ತಾಗುತ್ತಿತ್ತು.

ಈಗ ಅವರು ಯಾರೂ ಇಲ್ಲ. ತಾತನ ಮನೆಯ ತೊಲೆಗಳನ್ನು ಬಿಚ್ಚಿ ಬೇರೆ ಯಾರದೋ ಮನೆಗೆ ಏರಿಸಿದ್ದಾರೆ. ಮರುಳಪ್ಪನ ಜಾಗ ಕೈಬದಲಾಗಿ, ಕಲ್ಲು ಕಂಬ ನೆಟ್ಟು ತಂತಿ ಎಳೆದು ಖಾಲಿ ಬಿಟ್ಟಿದ್ದಾರೆ. ಬಾವಿಗೆ ಚಪ್ಪಡಿ ಮುಚ್ಚಿದೆ. ಬಾಗಿದ ಮರ ಮಾತ್ರ ನಿಂತಿದೆ, ಮೊದಲಿನಷ್ಟು ಕಾಯಿ ಇಲ್ಲ. ಆ ಹಿತ್ತಲು ನನ್ನ ಪಾಲಿಗೆ ಬಂದಿದೆ, ಎರಡು ತಿಂಗಳಿಗೊಮ್ಮೆ ಮೊದಲ ಬಸ್ಸಿಗೆ ಹೋಗಿ ನಿಂತು ಕಾಯಿ ಕೀಳಿಸುತ್ತೇನೆ. ಹೋದ ವಾರ ಬಂದ ಹೊಸ ಹುಡುಗ ಕಾಲಿಗೆ ಮರ ಹತ್ತುವ ಯಂತ್ರ ಬಿಗಿದುಕೊಂಡು ತಯಾರಾಗಿದ್ದ. ನಾನು ತಂತಿಯ ಹತ್ತಿರ ಹೋಗಿ ಕೂಗಿದೆ. ಬಿಡುವು ಕೊಟ್ಟು ಮತ್ತೆ ಕೂಗಿದೆ.

"ಯಾರಿಗಮ್ಮಾ ಕೂಗ್ತೀರ? ಆ ಕಡೆ ಯಾರೂ ಇಲ್ವಲ್ಲ" ಎಂದ.

"ಇರು ಕಣಪ್ಪ, ಇನ್ನೊಂದೈತೆ" ಎಂದೆ.

ಮೂರನೆಯ ಸಲ ಕೂಗಿ ನಿಂತೆ. ಗಾಳಿಗೆ ಗರಿಗಳು ಒಂದಕ್ಕೊಂದು ತಾಗುತ್ತಿದ್ದವು. ಹಾಲು ಕರೆಯುತ್ತಿದ್ದ ಹೆಂಗಸೊಬ್ಬಳು ಕರುವನ್ನು ಬಿಟ್ಟು, ತಂಬಿಗೆಯನ್ನು ಎತ್ತಿಟ್ಟು, ಕೈ ತೊಳೆದು, ಒಗೆಯುವ ಕಲ್ಲಿನ ಹತ್ತಿರ ಮಲಗಿದ ನಾಯಿಯನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದೆ. ಆಮೇಲೆ ಹುಡುಗನ ಕಡೆ ತಿರುಗಿ, "ಆಯ್ತು, ಕೀಳಪ್ಪ" ಎಂದೆ.